ಮರದ ಸುತ್ತ ಎರಡು ಸುತ್ತು

ವರ್ನೆಲ್ ಟಾಲಿವರ್ ಹಾಕಿದ ಒಂದು ಫೋಟೋಗೆ ಫೇಸ್‌ಬುಕ್ಕಲ್ಲಿ ಇನ್ನೂರ ಹನ್ನೊಂದು ಲೈಕ್ ಬಿದ್ದಿತ್ತು. ಅರವತ್ತೇಳು ವರ್ಷದ ಅಜ್ಜಿಗೆ ಇದೇನು ಕಮ್ಮಿ ಕಲೆಕ್ಷನ್ ಅಲ್ಲ, ಮೊದಲ ವಾರಾನೇ ಸೂಪರ್ ಹಿಟ್. ಆದ್ರೆ ಆ ಫೋಟೋನ ಎಲ್ಲರಿಗಿಂತ ಗಮನ ಇಟ್ಟು ನೋಡಿದವನು ಮಾತ್ರ ಲೈಕ್ ಒತ್ತಿರ್ಲಿಲ್ಲ. ಪ್ರಿಂಟ್ ತೆಗೆಸಿದ್ದ.

ಫೋಟೋದಲ್ಲಿ ಇದ್ದದ್ದು ಇಷ್ಟೇ. ಜಾರ್ಜಿಯಾದ ಕೊಲಂಬಸ್ ಊರಲ್ಲಿ ಅವಳ ಮನೆ ಅಂಗಳ. ಒಂದು ಕಡೆ ಗಂಡ ಕ್ಲಿಯೋಫಸ್, ಇನ್ನೊಂದು ಕಡೆ ಮಗಳು ಷಾರ್ಲೀನ್, ಮಧ್ಯದಲ್ಲಿ ಹುಲ್ಲು ಕತ್ತರಿಸೋ ಕಿತ್ತಳೆ ಬಣ್ಣದ ಗಾಡಿ. ಅಪ್ಪ ಕೀ ಕೊಡ್ತಿದಾನೆ, ಮಗಳು ಇಸ್ಕೊಳ್ತಿದಾಳೆ, ಇಬ್ರೂ ನಗ್ತಿದಾರೆ. ಕೆಳಗೆ ವರ್ನೆಲ್ ಬರೆದಿದ್ಲು: "ಎರಡೂವರೆ ವರ್ಷ ಆದ್ಮೇಲೆ ನಮ್ಮ ಮನೆ ಮತ್ತೆ ಒಂದಾಯ್ತು. ಮಗಳ ಗಾಡಿ ಕೆಟ್ರೆ ಅಪ್ಪ ಅಲ್ದೆ ಇನ್ಯಾರು ಕೊಡ್ತಾರೆ? ದೇವರೇ, ನಿನಗೆ ಸ್ತೋತ್ರ."

ಗಾಡಿ ಮೇಲಿನ ಸ್ಟಿಕರ್ ಕಣ್ಣಿಗೆ ಹೊಡೆಯೋ ಹಾಗೆ ಕಾಣ್ತಿತ್ತು. "ಟಾಲಿವರ್ ಅಂಡ್ ಸನ್ಸ್."

ಆ "ಸನ್ಸ್" ವಿಷಯಾನೂ ಹೇಳ್ಬಿಡ್ತೀನಿ, ಕಥೆ ನಿಂತಿರೋದೇ ಅದರ ಮೇಲೆ. ಕ್ಲಿಯೋಫಸ್ ಹುಲ್ಲು ಕತ್ತರಿಸೋ ಕಂಪನಿ ಶುರು ಮಾಡಿ ಬೋರ್ಡ್ ಬರೆಸಿದಾಗ ವರ್ನೆಲ್‌ಗೆ ಒಂಬತ್ತು ತಿಂಗಳು. ಒಂದು ವಾರಕ್ಕೆ ಹುಟ್ಟಿದ್ದು ಷಾರ್ಲೀನ್. ಬೋರ್ಡ್ ಬದಲಾಗ್ಲಿಲ್ಲ. ಆರು ವರ್ಷ ಬಿಟ್ಟು ರೇಫರ್ಡ್ ಹುಟ್ಟಿದ. ಆ ಪುಣ್ಯಾತ್ಮನಿಗೆ ಹುಲ್ಲು ಕಂಡ್ರೆ ಸೀನು. ಒಂದೆರಡಲ್ಲ, ಇಪ್ಪತ್ತು ಇಪ್ಪತ್ತೈದು ಸೀನು. ಈಗ ದೇಶ ಪೂರ್ತಿ ಲಾರಿ ಓಡಿಸ್ಕೊಂಡು, ಕಿಟಕಿ ಗಾಜು ಏರಿಸ್ಕೊಂಡು ಸುಖವಾಗಿದಾನೆ. ಹುಲ್ಲಿನ ಜೊತೆ ಬೆಳೆದೋಳು ಷಾರ್ಲೀನ್ ಒಬ್ಳೇ. ಹದಿನಾಲ್ಕು ವರ್ಷ ಅಪ್ಪನ ಆಫೀಸು, ಆಳು, ಬಿಸಿಲು ಎಲ್ಲ ನೋಡ್ಕೊಂಡ್ಳು. ಒಂದಿನ ಕೇಳಿದ್ಲು, "ಡ್ಯಾಡಿ, ಬೋರ್ಡಲ್ಲಿ 'ಡಾಟರ್' ಅಂತ ಹಾಕಿಸ್ಬಾರ್ದಾ?" ಅವನು ನಕ್ಕ. ಆ ನಗುಗೆ ಅವಳು ಎದ್ದು ಹೋಗಿ ತನ್ನದೇ ಸಣ್ಣ ಕಂಪನಿ ಮಾಡಿದ್ಲು. ಎರಡು ವರ್ಷಕ್ಕೂ ಮೇಲೆ ಮಾತಿಲ್ಲ, ಕತೆಯಿಲ್ಲ. ಕೊನೆಗೆ ಹೋದ ಈಸ್ಟರ್ ಹಬ್ಬಕ್ಕೆ ವರ್ನೆಲ್ ಇಬ್ರಿಗೂ "ನಂಗೆ ಎದೆ ನೋವು" ಅಂತ ಬೇರೆ ಬೇರೆ ಫೋನ್ ಮಾಡಿ, ಇಬ್ರೂ ಓಡಿ ಬಂದ್ಮೇಲೆ, "ಈಗ ಹೋಯ್ತು, ಕೈ ತೊಳ್ಕೊಳ್ಳಿ" ಅಂತ ಊಟಕ್ಕೆ ಹಾಕಿದ್ಲು. ಆವತ್ತಿಂದ ಪ್ರತಿ ಭಾನುವಾರ, ಚರ್ಚ್ ಮುಗಿಸ್ಕೊಂಡು, ಒಂದೇ ಟೇಬಲ್ಲು.

ಅದೇ ಟೇಬಲ್ ಮೇಲೆ ಈಗ ಬುಧವಾರದ ದಿನ ಷಾರ್ಲೀನ್ ಒಂದು ಕಟ್ಟು ಕಾಗದ ಎಸೆದ್ಲು.

"ಅಮ್ಮ, ನಿನ್ನ ಫೋಟೋ ಸರ್ಕಾರದವರೆಗೂ ಹೋಗಿದೆ."

"ಹೌದಾ? ಯಾರು ನೋಡಿದ್ರು?" ವರ್ನೆಲ್ ಪಾಪ ಖುಷೀಲೇ ಕೇಳಿದ್ಲು.

ಹದಿನಾರು ವರ್ಷದ ಇಮಾನಿ, ಷಾರ್ಲೀನ್ ಮಗಳು, ಫ್ರಿಜ್‌ಗೆ ಒರಗಿ ನಿಂತಿದ್ಲು. "ಅಜ್ಜಿ, ನೀನು ಸ್ಟಾರ್ ಆಗ್ಬಿಟ್ಟೆ. ಆದ್ರೆ ವಿಲನ್ ಪಾರ್ಟು."

ವಿಷಯ ಇಷ್ಟು. ಊರ ಪಕ್ಕದ ಸೈನ್ಯದ ನೆಲೆಯಲ್ಲಿ ಪೂರ್ತಿ ಹುಲ್ಲು ನೋಡ್ಕೊಳ್ಳೋ ಐದು ವರ್ಷದ ಕೆಲಸ. ಸಣ್ಣ ಕಂಪನಿಗಳಿಗೆ ಅಂತಾನೇ ಮೀಸಲು. ಷಾರ್ಲೀನ್ ಟೆಂಡರ್ ಗೆದ್ದಿದ್ಲು. ಎರಡನೇ ಸ್ಥಾನಕ್ಕೆ ಬಂದ ಹಾಯ್ಟ್ ಪ್ರೂಯಿಟ್ ಅನ್ನೋನು ತಕರಾರು ಹಾಕಿದ್ದ: ಈಕೆ ಸಣ್ಣೋಳೇ ಅಲ್ಲ, ಅಪ್ಪ ಮಗಳು ಒಂದೇ ಕಂಪನಿ, ಇಬ್ಬರ ವರಮಾನ ಕೂಡಿಸಿದ್ರೆ ಸಣ್ಣ ಕಂಪನಿಯ ಮಿತಿ ದಾಟುತ್ತೆ. ಸಾಕ್ಷಿ ಒಂದು, ವರ್ನೆಲ್ ಹಾಕಿದ ಫೋಟೋ. ಸಾಕ್ಷಿ ಎರಡು, ಇಬ್ರೂ ಹುಲ್ಲು ಕತ್ತರಿಸೋ ರೀತಿ ಒಂದೇ.

"ರೀತಿ ಅಂದ್ರೆ?" ಕ್ಲಿಯೋಫಸ್ ಕನ್ನಡಕ ಹುಡುಕ್ತಾ ಕೇಳಿದ.

"ಮರದ ಸುತ್ತ ಎರಡು ಸುತ್ತು, ಡ್ಯಾಡಿ. ಫೋಟೋ ಹಾಕಿದಾನೆ ನೋಡಿ. ನಿಮ್ಮ ಹೈವೇ ಮರ, ನಾನು ತೆಗೆಯೋ ನೆಲೆ ಗೇಟ್ ಹತ್ರದ ಮರ."

ಎಲ್ಲರೂ ಮರದ ಸುತ್ತ ಒಂದು ಸಲ ಗಾಡಿ ತಿರುಗಿಸಿ ಮುಂದೆ ಹೋಗ್ತಾರೆ. ಕ್ಲಿಯೋಫಸ್ ಇನ್ನೊಂದು ಸುತ್ತು ಕೈ ಮಿಷಿನ್ನಲ್ಲಿ ತೆಗೀತಿದ್ದ, ಬೇರಿಗೆ ತಾಗದ ಹಾಗೆ, ಬಳೆ ತೊಡಿಸಿದ ಹಾಗೆ. ಷಾರ್ಲೀನ್‌ಗೆ ಎಂಟು ವರ್ಷ ಇದ್ದಾಗ ಹೇಳ್ಕೊಟ್ಟಿದ್ದ.

"ಕಳ್ಳ ನನ್ಮಗ," ಅಂದ ಅವನು. ಆದ್ರೆ ಎರಡೂ ಫೋಟೋ ಪಕ್ಕ ಪಕ್ಕ ಇಟ್ಕೊಂಡು ತುಂಬಾ ಹೊತ್ತು ನೋಡಿದ. "ಚೆನ್ನಾಗಿ ತೆಗ್ದಿದೀಯ, ಪುಟ್ಟಿ. ನಂದಕ್ಕಿಂತ ನೀಟಾಗಿದೆ."

ವಕೀಲೆ ಕೋರಾ ಬೀಸ್ಲಿ ಫೋನಲ್ಲಿ ಬಂದ್ಲು. ಸ್ಪೀಕರ್ ಹಾಕಿ ಕಾಲರ್ಡ್ ಸೊಪ್ಪಿನ ಪಾತ್ರೆಗೆ ಒರಗಿಸಿದ್ರು.

"ನೋಡಿ, ಅಪ್ಪ ಮಗಳು ಅಂದ್ರೆ ಸರ್ಕಾರ ಒಂದೇ ಅಂತಾನೇ ಹಿಡಿಯುತ್ತೆ. ಅಲ್ಲ ಅಂತ ತೋರ್ಸೋಕೆ ಒಂದು ದಾರಿ ಇದೆ. ನಿಮ್ಮಿಬ್ರ ಮಧ್ಯೆ ಸ್ಪಷ್ಟ ಬಿರುಕು ಇದೆ ಅಂತ ಸಾಬೀತು ಮಾಡ್ಬೇಕು."

"ಏನಿರ್ಬೇಕು?" ವರ್ನೆಲ್ ಸೌಟು ಹಿಡ್ಕೊಂಡೇ ಕೇಳಿದ್ಲು.

"ಬಿರುಕು, ಮಿಸ್ ವರ್ನೆಲ್. ಕಾನೂನಲ್ಲಿ ಅದೇ ಪದ. ಮನಸ್ತಾಪ, ಮಾತು ಬಿಟ್ಟಿದ್ದು, ವ್ಯವಹಾರ ಬಿಟ್ಟಿದ್ದು. ಕಾಗದದಲ್ಲಿ ಇದ್ರೆ ಇನ್ನೂ ಒಳ್ಳೇದು. ಮೂರು ದಿನದಲ್ಲಿ ಉತ್ತರ ಕೊಡ್ಬೇಕು. ಸುಳ್ಳು ಬರೆಯೋ ಹಾಗಿಲ್ಲ, ಬರೆದ್ರೆ ಜೈಲು."

ಫೋನ್ ಇಟ್ಮೇಲೆ ಇಮಾನಿ ಕೈ ತಟ್ಟಿದ್ಲು. "ಸೂಪರ್! ಬೇರೆಯೋರು ಒಳ್ಳೆ ನಡತೆ ಸರ್ಟಿಫಿಕೇಟ್ ಕೊಡ್ತಾರೆ. ನಮ್ಮ ಮನೇಲಿ ಜಗಳದ ಸರ್ಟಿಫಿಕೇಟ್ ಕೊಡ್ಬೇಕು!"

ಕ್ಲಿಯೋಫಸ್ ತೋಳು ಮಡಿಸಿ ಕೂತ. "ಜಗಳ ತಾನೆ? ಜಗಳಕ್ಕೇನು ಬರ ನಮ್ಮ ಮನೇಲಿ? ಪೆನ್ ತಗೋ ಇಮಾನಿ, ಬರ್ಕೋ. ನಂಬರ್ ಒಂದು, ನಿಮ್ಮಮ್ಮ ನನ್ನ ಮೂರು ಜನ ಆಳುಗಳನ್ನ ಎತ್ಕೊಂಡು ಹೋದ್ಲು."

"ಅವರೇ ಬಂದ್ರು, ಡ್ಯಾಡಿ. ನೀವು ಅವರಿಗೆ ನೀರೂ ಕೊಡ್ತಿರ್ಲಿಲ್ಲ."

"ಬರ್ಕೋ, ಎದುರುತ್ತರ ಕೊಡ್ತಾಳೆ."

"ನಂಬರ್ ಎರಡು," ಷಾರ್ಲೀನ್ ಅಂದ್ಲು, "ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಬಾಗಿಲು ತಟ್ಟಿದ್ರೆ ಇವ್ರು ಟಿವಿ ಸೌಂಡ್ ಜಾಸ್ತಿ ಮಾಡಿದ್ರು."

"ಅದು ಮ್ಯಾಚು!"

"ಜಾಹೀರಾತು ಬರ್ತಿತ್ತು, ಡ್ಯಾಡಿ. ಕಾರಿನ ಟೈರು."

ನಕ್ಕಿದ್ದೇ ನಕ್ಕಿದ್ದು. ಮೆಕ್ಕೆಜೋಳದ ಬ್ರೆಡ್ ತಣ್ಣಗಾಯ್ತು, ಯಾರೂ ಮುಟ್ಲಿಲ್ಲ. ಹಳೇ ಗಾಯನ ಹೀಗೆ ಕೈಯಲ್ಲಿ ಹಿಡ್ಕೊಂಡು ನಗೋ ಹಾಗಾಯ್ತಲ್ಲ ಅಂತ ವರ್ನೆಲ್ ಒಳಗೊಳಗೇ ಇನ್ನೊಂದು ಸ್ತೋತ್ರ ಹೇಳ್ಕೊಂಡ್ಳು. ಪಾಪ, ಇಂಟರ್ವಲ್ ಬರ್ತಿದೆ ಅಂತ ಅವಳಿಗೇನು ಗೊತ್ತು.

"ಅಯ್ಯೋ, ಇದೆಲ್ಲ ಯಾಕೆ?" ಕ್ಲಿಯೋಫಸ್ ಟೇಬಲ್ ಗುದ್ದಿದ. "ಕಾಗದಾನೇ ಇದೆಯಲ್ಲ! ನೀನು ಕಂಪನಿ ಬಿಟ್ಟು ಹೋದ್ಯಲ್ಲ, ಆ ವಾರಾನೇ ನಾನು ಪತ್ರ ಬರೆದಿದ್ನಲ್ಲ, ಪುಟ್ಟಿ. ತಾರೀಕು ಹಾಕಿ, ಸಹಿ ಮಾಡಿ. ಅದಕ್ಕಿಂತ ಬಿರುಕು ಬೇಕಾ? ಅದನ್ನ ಕೊಡು ಆ ವಕೀಲೆಗೆ."

"ಯಾವ ಪತ್ರ?"

"ತಮಾಷೆ ಮಾಡ್ಬೇಡ. ನಾಲ್ಕು ಹಾಳೆ."

"ನಂಗೆ ಯಾವ ಪತ್ರಾನೂ ಬಂದಿಲ್ಲ, ಡ್ಯಾಡಿ."

ಅಪ್ಪ ಮಗಳು ಇಬ್ರೂ ಒಟ್ಟಿಗೆ ಒಲೆ ಕಡೆ ತಿರುಗಿದ್ರು. ವರ್ನೆಲ್ ಸೊಪ್ಪು ಕಲಕ್ತಾ ಇದ್ಲು. ಒಲೆ ಆರಿಸಿ ಹತ್ತು ನಿಮಿಷ ಆಗಿತ್ತು.

"ವರ್ನೆಲ್, ಪೋಸ್ಟ್ ಮಾಡು ಅಂತ ನಿನ್ನ ಕೈಗೆ ಕೊಟ್ಟಿದ್ದೆ."

"ಸುಟ್ಟಾಕ್ದೆ," ಅಂದ್ಲು ಅವಳು, ತಿರುಗದೇನೇ.

ಸುಟ್ಟಿರ್ಲಿಲ್ಲ. ಗ್ಯಾರೇಜಿನ ದೊಡ್ಡ ಫ್ರೀಜರ್ ಒಳಗೆ, ಅಲಸಂದೆ ಕಾಳಿನ ಚೀಲದ ಕೆಳಗೆ, ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಇಟ್ಟಿದ್ಲು. ಕ್ಲಿಯೋಫಸ್ ಆ ಫ್ರೀಜರ್ ಮುಚ್ಚಳ ಜನ್ಮದಲ್ಲಿ ಎತ್ತಿದೋನಲ್ಲ. ಆವತ್ತು ಒಲೆ ಮೇಲೆ ಹಿಡಿದಿದ್ದೂ ನಿಜ. ಕೈ ಬರ್ಲಿಲ್ಲ. ನಲವತ್ನಾಲ್ಕು ವರ್ಷದ ಸಂಸಾರದಲ್ಲಿ ಆ ಮನುಷ್ಯ ತನ್ನ ಕೈಯಾರೆ ಬರೆದ ಒಂದೇ ಒಂದು ಪತ್ರ ಅದು. ಹೆಂಡ್ತಿಗೇ ಒಂದು ಸಾಲು ಬರೆದೋನಲ್ಲ. ಅಂಥವನ ಅಕ್ಷರ ಹೆಂಗೆ ಸುಡೋದು?

ಮಾರನೇ ದಿನ ವರ್ನೆಲ್ ಎಂದಿನ ಹಾಗೆ ಕರಿದ ಮೀನು, ಬ್ರೆಡ್ಡು ಕಟ್ಕೊಂಡು ನೆಲೆಯ ಗೇಟ್ ಹೊರಗೆ ಮಗಳ ಕೆಲಸದೋರ ಹತ್ರ ಹೋದ್ಲು. ಆ ರಸ್ತೆ ಬದಿಯ ಹುಲ್ಲು ಒಂದು ವರ್ಷದಿಂದ ಷಾರ್ಲೀನ್‌ದೇ. ಷಾರ್ಲೀನ್ ದೂರದಿಂದಲೇ ಓಡಿ ಬಂದ್ಲು.

"ಅಮ್ಮ, ಇಲ್ಲಿಗೆ ಬರ್ಬೇಡ. ಯಾರಾದ್ರೂ ಇದನ್ನೂ ಫೋಟೋ ತೆಗೀತಾರೆ."

"ಮೀನು ಕೊಡೋಕೂ ಸರ್ಕಾರದ ಪರ್ಮಿಷನ್ನಾ?"

"ಈ ವಾರ ಮಾತ್ರ, ಅಮ್ಮ."

ಅಷ್ಟರಲ್ಲಿ ಮಿಸ್ ಹ್ಯಾಟಿ ಅನ್ನೋ ಕೆಲಸದೋಳು, ಅರವತ್ತು ದಾಟಿದ ಹೆಂಗಸು (ಆ ಕಡೆ ವಯಸ್ಸಾದ ಹೆಂಗಸರಿಗೆಲ್ಲ ಮರ್ಯಾದೆಗೆ 'ಮಿಸ್' ಅಂತಾನೇ ಅನ್ನೋದು), ಟೋಪಿ ತೆಗ್ದು ಬೆವರು ಒರೆಸ್ಕೊಂಡು ಬಂದ್ಲು. "ಷಾರ್ಲೀನ್, ನಿಜ ಹೇಳು. ಐದು ವರ್ಷದ್ದು ಸಿಗುತ್ತೆ ತಾನೆ? ನಾನು ಮೊಮ್ಮಗಳನ್ನ ನರ್ಸಿಂಗ್‌ಗೆ ಸೇರಿಸ್ಬಿಟ್ಟಿದೀನಿ."

"ಸಿಗುತ್ತೆ, ಮಿಸ್ ಹ್ಯಾಟಿ."

ಹ್ಯಾಟಿ ಆ ಕಡೆ ಹೋದ್ಮೇಲೆ ಷಾರ್ಲೀನ್ ತಾಯಿ ಕಾರಿನ ಬಾಗಿಲಿಗೆ ಹಣೆ ಇಟ್ಲು. "ಸಿಗಲ್ಲ ಅಮ್ಮ. ಜಗಳ ಇತ್ತು ಅಂತ ಬಾಯಲ್ಲಿ ಹೇಳಿದ್ರೆ ಸಾಲಲ್ಲ ಅಂತಾಳೆ ವಕೀಲೆ. ಆ ಫೋಟೋ ಮುಂದೆ ಬಾಯಿ ಮಾತು ನಿಲ್ಲಲ್ಲ. ಹದಿನೆಂಟು ಜನ ಇದಾರೆ. ನನ್ನ ಮನೆ ಬೇರೆ ಬ್ಯಾಂಕಲ್ಲಿ ಇಟ್ಟಿದೀನಿ. ಆ ಪತ್ರ ಒಂದು ಇದ್ದಿದ್ರೆ..."

ವರ್ನೆಲ್ ಮೀನಿನ ಡಬ್ಬಿ ವಾಪಸ್ ಸೀಟ್ ಮೇಲೆ ಇಟ್ಲು. ಮನೆಗೆ ಬಂದು ನೇರ ಗ್ಯಾರೇಜಿಗೆ ಹೋದ್ಲು. ಕಾಳಿನ ಚೀಲ ಎತ್ತಿದ್ಲು. ಕವರ್ ಮೇಲಿನ ಮಂಜು ಒರೆಸಿ, ಎದೆಗೆ ಅವುಚ್ಕೊಂಡು, ಆ ತಣ್ಣಗಿನದನ್ನ ಹಾಗೇ ಹಿಡ್ಕೊಂಡು ಅಲ್ಲೇ ಸ್ಟೂಲ್ ಮೇಲೆ ಕೂತ್ಕೊಂಡ್ಳು.

ಅವಳು ಬುದ್ಧಿವಂತಿಕೆ ಮಾಡಿ ಮೊದಲು ವಕೀಲೆಗೆ ಫೋನ್ ಮಾಡಿದ್ಲು. "ನಿಮ್ಗೆ ಸೀದಾ ತಂದ್ಕೊಡ್ತೀನಿ. ಷಾರ್ಲೀನ್ ಓದೋ ಹಾಗಿಲ್ಲ. ಆಗುತ್ತಾ?"

"ಆಗಲ್ಲ, ಮಿಸ್ ವರ್ನೆಲ್. ಅವರದ್ದೇ ಕೇಸು. ಪ್ರತಿ ಹಾಳೆ ಓದಿ ಸಹಿ ಹಾಕ್ಬೇಕು."

ಶುಕ್ರವಾರ ಸಾಯಂಕಾಲ ಊಟಕ್ಕೆ ಮುಂಚೆ ಆ ಲಕೋಟೆ ಟೇಬಲ್ ಮೇಲಿತ್ತು, ಉಪ್ಪಿನ ಡಬ್ಬಿ ಪಕ್ಕ. ಕ್ಲಿಯೋಫಸ್ ಮುಖ ಅರಳಿತು. "ನೋಡಿದ್ಯಾ! ಸುಟ್ಟಿಲ್ಲ! ನಮ್ಮ ಕೇಸ್ ಗೆದ್ದ ಹಾಗೆ!"

"ಕ್ಲಿಯೋ," ಅಂದ್ಲು ವರ್ನೆಲ್, "ಅದರಲ್ಲಿ ಏನು ಬರೆದಿದ್ದೆ ಅಂತ ನೆನಪಿದ್ಯಾ?"

"ಕೋಪದಲ್ಲಿ ಏನೋ ಬರೆದಿದ್ದೆ. ಆಳುಗಳ ವಿಷಯ, ಗಿರಾಕಿಗಳ ವಿಷಯ."

ಷಾರ್ಲೀನ್ ಲಕೋಟೆಯಿಂದ ಹಾಳೆಗಳನ್ನ ಹೊರಗೆ ತೆಗೆದ್ಲು. ಮೊದಲ ಹಾಳೆ ಜೋರಾಗಿ ಓದಿದ್ಲು, ಅಪ್ಪನ ಗಂಟಲು ಅನುಕರಣೆ ಮಾಡ್ಕೊಂಡು. ಇಮಾನಿ ನಕ್ಕಳು. ಎರಡನೇ ಹಾಳೆಗೂ ನಕ್ಕರು. ಮೂರನೇ ಹಾಳೆಗೆ ಬಂದಾಗ ಅನುಕರಣೆ ನಿಂತ್ಹೋಯ್ತು. ಅವಳ ಸ್ವಂತ ಗಂಟಲು ಉಳಿದಿತ್ತು.

"'ಹದಿನಾಲ್ಕು ವರ್ಷ ನೀನು ಕೂತಿದ್ದ ಕುರ್ಚಿ ನಿಂದು ಅಂದ್ಕೋಬೇಡ. ರೇಫರ್ಡ್ ಬಂದು ಕೂರೋವರ್ಗೂ ಅದರ ಮೇಲೆ ಧೂಳು ಕೂರ್ಬಾರ್ದು ಅಂತ ನಿನ್ನ ಕೂರಿಸಿದ್ದೆ. ಬೋರ್ಡಲ್ಲಿ ಇರೋದೇ ನನ್ನ ಮನಸ್ಸಲ್ಲೂ ಇರೋದು. ನೀನು ಹುಟ್ಟಿದ ದಿನ ಅದನ್ನ ಅಳಿಸ್ಲಿಲ್ಲ, ಇವತ್ತೂ ಅಳಿಸಲ್ಲ.'"

ಎಲ್ಲದಕ್ಕೂ ಒಂದು ಡೈಲಾಗ್ ಇಟ್ಕೊಂಡಿರೋ ನಮ್ಮ ಇಮಾನಿ ಎದ್ದು ಹೋಗಿ ಅಮ್ಮನ ಕುರ್ಚಿ ಹಿಂದೆ ನಿಂತ್ಕೊಂಡ್ಳು.

"ಅದು ಆಗಿನ ಮಾತು," ಅಂದ ಕ್ಲಿಯೋಫಸ್.

"ಸಹಿ ಹಾಕಿದೀರಲ್ಲ, ಡ್ಯಾಡಿ."

"ಪುಟ್ಟಿ, ಕೋಪದಲ್ಲಿ ಮನುಷ್ಯ..."

"ನಾಲ್ಕು ಹಾಳೆ. ಒಂದು ಕಡೆ ಚಿತ್ತು ಇಲ್ಲ. ಕೋಪದಲ್ಲಿ ಇಷ್ಟು ನೀಟಾಗಿ ಬರೀತಾರಾ?" ಅವಳು ಹಾಳೆಗಳನ್ನ ಅಂಚು ಸರಿಯಾಗಿ ಜೋಡಿಸಿದ್ಲು. "ನಾನು ಅಂದ್ಕೊಂಡಿದ್ದೆ, ನಿಮ್ಗೆ ಹೇಳೋಕೆ ಬರಲ್ಲ, ಅದಕ್ಕೆ ನಕ್ರಿ ಅಂತ. ಎರಡೂವರೆ ವರ್ಷ ನಂಗೆ ನಾನೇ ಅದನ್ನೇ ಹೇಳ್ಕೊಂಡಿದ್ದೆ. ಹೇಳೋಕೆ ಚೆನ್ನಾಗೇ ಬರುತ್ತೆ ನಿಮ್ಗೆ."

"ಅದನ್ನ ಕೊಡ್ಬೇಡ ಹಾಗಾದ್ರೆ! ಹರಿದಾಕು!" ಅವನು ಕೈ ಚಾಚಿದ.

ಅವಳು ಹಾಳೆ ಹಿಂದಕ್ಕೆ ಎಳ್ಕೊಂಡ್ಳು. "ಹದಿನೆಂಟು ಜನ ಕಾಯ್ತಿದಾರೆ." ಆಮೇಲೆ ತಾಯಿ ಕಡೆ ತಿರುಗಿದ್ಲು. "ನೀನು ಓದಿದ್ಯಾ ಇದನ್ನ?"

ವರ್ನೆಲ್ ಹೌದು ಅಂತ ತಲೆ ಆಡಿಸಿದ್ಲು.

"ಓದಿ, ಆಮೇಲೆ ಪ್ರತಿ ಭಾನುವಾರ ನನಗೆ ಇವರ ಪಕ್ಕದ ಕುರ್ಚೀನೇ ಹಾಕ್ತಿದ್ದೆ."

"ಒಂದಾಗ್ಲಿ ಅಂತ, ಕಂದ."

"ಆಯ್ತಲ್ಲ," ಅಂತ ಷಾರ್ಲೀನ್ ಎದ್ಲು. ತಟ್ಟೆ ಹಾಕಿತ್ತು. ಅದರಲ್ಲಿ ಇನ್ನೂ ಏನೂ ಬಡಿಸಿರ್ಲಿಲ್ಲ.

ವರ್ನೆಲ್‌ದೂ ಒಂದು ಹೇಳಿಕೆ ಬೇಕಾಯ್ತು. ವಕೀಲೆ ಟೈಪ್ ಮಾಡಿಸಿ ಕಳಿಸಿದ್ದಳು: ಪತ್ರ ಪೋಸ್ಟ್ ಮಾಡ್ದೆ ಇಟ್ಕೊಂಡಿದ್ದು ನಾನೇ, ಗಾಡಿ ಕೊಟ್ಟದ್ದು ನಾಲ್ಕು ದಿನದ ಕೆಲಸಕ್ಕೆ, ಅದೂ ನಾನು ಗಂಡನ್ನ ಗೋಗರೆದಿದ್ದಕ್ಕೆ, "ನಮ್ಮ ಮನೆ ಮತ್ತೆ ಒಂದಾಯ್ತು" ಅಂತ ಫೋಟೋ ಕೆಳಗೆ ಬರೆದದ್ದು ನನ್ನ ಆಸೆ, ಇದ್ದ ಸಂಗತಿ ಅಲ್ಲ.

ಕೊನೇ ಸಾಲನ್ನ ಅವಳು ಮೂರು ಸಲ ಓದಿದ್ಲು. "ಇದು ಸುಳ್ಳಲ್ವಾ ಕೋರಾ? ಒಂದಾಗಿದ್ವಿ ನಾವು. ಆವತ್ತು ನಕ್ಕಿದ್ದು ಸುಳ್ಳಲ್ಲ."

ವಕೀಲೆ ಏನಾದ್ರೂ ಹೇಳೋಕೆ ಮುಂಚೆ ಪಕ್ಕದಲ್ಲಿದ್ದ ಷಾರ್ಲೀನ್ ಪೆನ್ ಮುಚ್ಚಳ ತೆಗ್ದು ಕೊಟ್ಲು. "ಸಹಿ ಹಾಕಮ್ಮ. ಸುಳ್ಳಲ್ಲ."

ಆಮೇಲಿನ ಮೂರು ವಾರ ಭಾನುವಾರಗಳು ಬಂದ್ವು, ಹೋದ್ವು. ಮೊದಲ ವಾರ ವರ್ನೆಲ್ ಮ್ಯಾಕರೋನಿ ಚೀಸ್ ನಾಲ್ಕು ಜನಕ್ಕೆ ಆಗೋಷ್ಟು ಮಾಡಿದ್ಲು, ಗಂಡ ಹೆಂಡ್ತಿ ಇಬ್ರೇ ಬುಧವಾರದವರೆಗೂ ತಿಂದ್ರು. ಎರಡನೇ ವಾರ ಇಮಾನಿ ಒಬ್ಳೇ ಬಂದು, ಸಿಹಿಗೆಣಸಿನ ಪೈ ತಿಂದು, ತಾತನ ಹತ್ರ ಮಾತಾಡದೆ ಹೋದ್ಲು. ಹೋಗೋವಾಗ ಅಜ್ಜಿ ಕಿವೀಲಿ, "ಅಮ್ಮ ಅಳಲ್ಲ ಅಜ್ಜಿ. ಅದೇ ಭಯ ನಂಗೆ," ಅಂದ್ಲು.

ಮೂರನೇ ವಾರ ಕ್ಲಿಯೋಫಸ್ ಏಣಿ ತೆಗ್ದ. ಎಪ್ಪತ್ತೊಂದು ವರ್ಷ, ಮಂಡಿ ನೋವು, ಆದ್ರೂ ಆಫೀಸ್ ಬೋರ್ಡ್ ಹತ್ತಿ "ಅಂಡ್ ಸನ್ಸ್" ಅನ್ನೋ ಅಕ್ಷರ ಒಂದೊಂದಾಗಿ ಕೆರೆದು ತೆಗ್ದ. ಕೆಳಗಿಳಿದು ನೋಡಿದ್ರೆ, ಮೂವತ್ತೊಂಬತ್ತು ವರ್ಷದ ಬಿಸಿಲಿಗೆ ಬೋರ್ಡಿನ ಬಣ್ಣ ಪೂರ್ತಿ ಮಾಸಿತ್ತು, ಅಕ್ಷರ ಇದ್ದ ಜಾಗ ಬಿಟ್ಟು. ಅಲ್ಲಿ ಮಾತ್ರ ಹೊಸ ಹಸಿರು. "ಅಂಡ್ ಸನ್ಸ್" ಮೊದಲಿಗಿಂತ ಚೆನ್ನಾಗಿ ಓದೋಕೆ ಬರ್ತಿತ್ತು.

"ಅವಳಿಗೆ ಹೇಳು, ವರ್ನೆಲ್. ತೆಗ್ದೆ ಅಂತ ಹೇಳು."

"ನೀನೇ ಹೇಳು."

"ನನ್ನ ಫೋನ್ ಎತ್ತಲ್ಲ ಅವಳು."

ಸಣ್ಣ ಉದ್ದಿಮೆಗಳ ಕಚೇರಿಯಿಂದ ತೀರ್ಪು ಬಂದದ್ದು ಮಂಗಳವಾರ. ಹಾಯ್ಟ್ ಪ್ರೂಯಿಟ್ ತಕರಾರು ವಜಾ. ಷಾರ್ಲೀನ್ ಕಂಪನಿ ಸಣ್ಣದೇ, ಕೆಲಸ ಅವಳದ್ದೇ. ಅವಳು ತಾಯಿ ಮನೆಗೆ ಬಂದು, ಒಳಗೆ ಬರದೆ, ಮೆಟ್ಟಿಲ ಹತ್ರಾನೇ ನಿಂತು ಒಂದು ಪ್ರತಿ ಕೊಟ್ಲು. ಹನ್ನೊಂದು ಪುಟ. ಒಂಬತ್ತನೇ ಪುಟದಲ್ಲಿ ಬರೆದಿತ್ತು: ಈ ತಂದೆ ಮತ್ತು ಈ ಮಗಳ ನಡುವೆ ಸ್ಪಷ್ಟ ಬಿರುಕು ಇರುವುದು ಕಂಡುಬಂದಿದೆ.

"ಹ್ಯಾಟಿ ಖುಷಿಯಾದ್ಲಾ?" ವರ್ನೆಲ್ ಕೇಳಿದ್ಲು.

"ಕುಣಿದ್ಲು. ಟೋಪಿ ಎಸೆದ್ಲು."

"ನೀನು?"

ಷಾರ್ಲೀನ್ ರಸ್ತೆ ಕಡೆ ನೋಡಿದ್ಲು. ಅವಳ ಟ್ರಕ್ ಹಿಂದೆ ಅಪ್ಪನ ಕಿತ್ತಳೆ ಗಾಡಿ ಕಟ್ಟಿತ್ತು, ನಾಲ್ಕು ದಿನ ಓಡಿಸಿದ್ಮೇಲೆ ಅವಳ ಹತ್ರಾನೇ ನಿಂತಿದ್ದು. ತೊಳೆದು, ಬ್ಲೇಡ್ ಸಾಣೆ ಹಿಡಿಸಿ, ಟ್ಯಾಂಕ್ ಪೂರ್ತಿ ತುಂಬಿಸಿ ತಂದಿದ್ಲು. "ನಾಲ್ಕು ದಿನದ ಬಾಡಿಗೆ ಚೆಕ್ ಸೀಟ್ ಮೇಲಿದೆ. ಮಿಸ್ಟರ್ ಟಾಲಿವರ್‌ಗೆ ಕೊಟ್ಬಿಡು."

"ಹಾಗೆ ಕರೀಬೇಡ ಅವನ್ನ. ಭಾನುವಾರ ಊಟಕ್ಕೆ ಬಾರೇ. ಊಟಕ್ಕೆ ಕಾನೂನು ಅಡ್ಡಿ ಇಲ್ಲ ಅಂತ ಕೋರಾ ಹೇಳಿದ್ಲು, ನಾನೇ ಕೇಳಿದೀನಿ."

"ಕಾನೂನು ಬೇಡ ಅಂದಿಲ್ಲಮ್ಮ. ನಾನು ಬೇಡ ಅಂತಿದೀನಿ."

"ಬೋರ್ಡ್ ಅಳಿಸಿದ, ಕಂದ. ಏಣಿ ಹತ್ತಿ ತಾನೇ ಕೆರೆದ."

"ನೋಡ್ದೆ. ಬರ್ತಾ ಆ ದಾರೀಲೇ ಬಂದೆ." ಅವಳು ತಾಯಿ ಕೆನ್ನೆಗೆ ಮುತ್ತು ಕೊಟ್ಲು. "ಇನ್ನೂ ಕಾಣುತ್ತೆ."

ಹೊಸ ಕೆಲಸ ಜೂನ್ ಒಂದಕ್ಕೆ ಶುರುವಾಯ್ತು. ಎರಡು ವಾರ ಬಿಟ್ಟು ವರ್ನೆಲ್ ಕಣ್ಣಿನ ಡಾಕ್ಟರ್ ಹತ್ರ ಹೋಗೋ ನೆಪ ಮಾಡಿ ನೆಲೆಯ ಬೇಲಿ ಪಕ್ಕದ ರಸ್ತೇಲಿ ಕಾರ್ ಓಡಿಸಿದ್ಲು. ಬೇಲಿ ಉದ್ದಕ್ಕೂ ಓಕ್ ಮರಗಳ ಸಾಲು. ಹುಲ್ಲು ಹಾಸು ಹಾಸಿದ ಹಾಗೆ, ಗೆರೆ ಎಳೆದ ಹಾಗೆ. ಹೆತ್ತ ಹೊಟ್ಟೆಗೆ ಹೆಮ್ಮೆ ಆಗ್ದೆ ಇರುತ್ತಾ? ಅವಳು ಕಾರ್ ನಿಧಾನ ಮಾಡಿದ್ಲು. ಮೊದಲ ಮರ ನೋಡಿದ್ಲು. ಎರಡನೇದು ನೋಡಿದ್ಲು. ಪಕ್ಕಕ್ಕೆ ನಿಲ್ಲಿಸಿ, ಇಳಿದು, ಬೇಲಿಗೆ ಕೈ ಹಿಡ್ಕೊಂಡು ಮೂರನೇದು, ನಾಲ್ಕನೇದು, ಸಾಲು ಪೂರ್ತಿ ನೋಡಿದ್ಲು.

ಒಂದೇ ಸುತ್ತು. ಎಲ್ಲಾ ಮರಕ್ಕೂ ಒಂದೇ ಸುತ್ತು. ಬೇರಿನ ಸಂದೀಲಿ ಹುಲ್ಲು ಗಡ್ಡದ ಹಾಗೆ ನಿಂತಿತ್ತು. ಇನ್ಮೇಲೆ ಯಾವ ಪ್ರೂಯಿಟ್ ಬಂದು ಎಷ್ಟು ಫೋಟೋ ತೆಗೆದ್ರೂ, ಇದು ಯಾರ ಮಗಳು ಕತ್ತರಿಸಿದ ಹುಲ್ಲು ಅಂತ ಹೇಳೋಕೆ ಆಗ್ತಿರ್ಲಿಲ್ಲ.

ಮನೆಗೆ ಬಂದಾಗ ಕ್ಲಿಯೋಫಸ್ ಜಗುಲಿ ಮೇಲೆ ಅಲಸಂದೆ ಸುಲೀತಾ ಕೂತಿದ್ದ. ಈಗೀಗ ಕೇಳದೇನೇ ಅಡುಗೆ ಕೆಲಸಕ್ಕೆ ಕೈ ಹಾಕ್ತಿದ್ದ.

"ಡಾಕ್ಟರ್ ಏನಂದ?"

"ಕಣ್ಣು ಚೆನ್ನಾಗಿದೆ ಅಂದ."

"ಬೇಲಿ ಕಡೆಯಿಂದ ಬಂದ್ಯಾ?"

"ಹೂಂ."

ಅವನು ಒಂದು ಕಾಯಿ ಬಿಡಿಸಿದ. ಇನ್ನೊಂದು ಬಿಡಿಸಿದ. ಅವಳ ಮುಖ ನೋಡ್ದೆ ಕೇಳಿದ. "ಮರದ ಸುತ್ತ ಎರಡು ಸುತ್ತು ತೆಗ್ದಿದಾಳಾ?"

ವರ್ನೆಲ್ ಅವನ ಪಕ್ಕ ಕೂತು, ಕಾಳಿನ ಬಟ್ಟಲನ್ನ ತನ್ನ ಮಡಿಲಿಗೆ ಎಳ್ಕೊಂಡ್ಳು.

"ತೆಗ್ದಿದಾಳೆ," ಅಂದ್ಲು. "ನಿಂದಕ್ಕಿಂತ ನೀಟಾಗಿದೆ."